ಹದಿನೈದು ದಿನದ ತಲೆ ಅಭ್ಯಾಸ: ರೈಡ್‌ನ ವಾಂತಿ ನಿಂತದ್ದು ಹೀಗೆ

ಕಲಬುರಗಿ, ಬೀದರ, ಯಾದಗಿರಿ ಕಡೆಯಿಂದ ಶಾಲೆ ಮಕ್ಕಳನ್ನು ಹೈದರಾಬಾದಿನ ವಂಡರ್‌ಲಾ ಮನರಂಜನಾ ಪಾರ್ಕಿಗೆ ಕರೆದೊಯ್ಯುವ ಮಾಸ್ತರರಿಗೆ ವಾಂತಿ ಕವರು, ನಿಂಬೆಹಣ್ಣು, ವಾಂತಿ ತಡೆಯುವ ಅವೊಮಿನ್ ಮಾತ್ರೆಗಳ ಬಗ್ಗೆ ಹೊಸದಾಗಿ ಹೇಳುವುದೇನೂ ಇಲ್ಲ. ಎಲ್ಲರ ಚೀಲದಲ್ಲೂ ಅವು ಇರುತ್ತವೆ. ಇದ್ದರೂ ಒಂದು ಬಸ್ಸಿನ 50 ಮಕ್ಕಳಲ್ಲಿ ಹತ್ತು-ಹನ್ನೆರಡು ಮಂದಿ ಮಧ್ಯಾಹ್ನದೊಳಗೆ ನೆರಳು ಹುಡುಕಿ ಮಲಗಿಬಿಡುತ್ತಿದ್ದರು. ಈಗ ಒಬ್ಬರೋ ಇಬ್ಬರೋ ಅಷ್ಟೆ. ಹೊರಡುವ ಮುಂಚಿನ ಹದಿನೈದು ದಿನ ತಲೆ ಆಡಿಸುವ, ತಿರುಗು ಕುರ್ಚಿ ಮತ್ತು ಜೋಕಾಲಿಯಲ್ಲಿ ಕೂರಿಸುವ ಅಭ್ಯಾಸದಿಂದ ಇದು ಸಾಧ್ಯವಾಯಿತು. “ತಲಿ ಅಲ್ಲಾಡ್ಸಿದ್ರ ವಾಂತಿ ನಿಲ್ತದೇನ್ರಿ ಸರ್?” ಎಂದು ಮೊದಲು ಕೇಳಿದ್ದ ಮಾಸ್ತರರೇ ಈಗ “ನಮ್ಮ ಕ್ಲಾಸಿಗೂ ಮಾಡಿಸ್ರಿ” ಅನ್ನುತ್ತಿದ್ದಾರೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಬಸ್ ಬಾಡಿಗೆ, ಟಿಕೆಟ್, ಊಟ ಎಲ್ಲ ಸೇರಿ ಒಬ್ಬ ಹುಡುಗನಿಗೆ ಸುಮಾರು 2,000ದಿಂದ 2,500 ರೂಪಾಯಿ ಬೀಳುತ್ತದೆ. ಹತ್ತು ಮಕ್ಕಳು ಮಲಗಿದರೆ ಇಪ್ಪತ್ತು ಸಾವಿರದ ಮೇಲೆ ನೀರಿಗೆ ಹೋದಂತೆ. ಅದು ಕೂಲಿ ಮಾಡಿ, ತೊಗರಿ ಮಾರಿ ಕೂಡಿಸಿದ ಪಾಲಕರ ದುಡ್ಡು. ಮೇಲೆ ಬಸ್ಸಿನವರು ಸೀಟು ತೊಳೆಯಲು 1,500 ರೂಪಾಯಿ ಬೇರೆ ಹಿಡಿಯುತ್ತಾರೆ. ಅಭ್ಯಾಸಕ್ಕೆ ತಗಲುವ ಖರ್ಚು ನೋಡಿದರೆ ಏನೂ ಅಲ್ಲ. ಹಳೆಯ ತಿರುಗು ಕುರ್ಚಿ ಒಂದು, ಹಗ್ಗ, ಹಲಗೆ, ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯುತ್ತದೆ. ಅದೂ ಒಂದೇ ಸಲದ ಖರ್ಚು.

ಕೈಕೊಟ್ಟ ಉಪಾಯಗಳನ್ನು ಹೇಳಲೇಬೇಕು, ಯಾಕೆಂದರೆ ಇನ್ನೂ ಅವನ್ನೇ ನಂಬಿದವರು ಬಹಳ.

ಖಾಲಿ ಹೊಟ್ಟೆಯಲ್ಲಿ ಕರೆದೊಯ್ಯುವುದು ಎಲ್ಲಕ್ಕಿಂತ ಕೆಟ್ಟದ್ದು. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ಓಕರಿಕೆ ಬರುತ್ತದೆ, ಹಳದಿ ಪಿತ್ತ ಬರುತ್ತದೆ, ಮಗು ಇನ್ನೂ ಸುಸ್ತಾಗುತ್ತದೆ. ಇದರ ಉಲ್ಟಾ, ಬೆಳಗ್ಗೆ ದಾರಿಯಲ್ಲಿ ಮಿರ್ಚಿ ಭಜಿ, ಪೂರಿ ತಿನ್ನಿಸುವುದು. ಎಣ್ಣೆ ಪದಾರ್ಥ ಹೊಟ್ಟೆಯಿಂದ ಕೆಳಗಿಳಿಯಲು ತಾಸುಗಟ್ಟಲೆ ಬೇಕು. ರೈಡ್ ಹತ್ತುವ ಹೊತ್ತಿಗೆ ಅದು ಅಲ್ಲೇ ಕೂತಿರುತ್ತದೆ. ನಮ್ಮಲ್ಲಿ ಹಿಡಿದದ್ದು ಇಡ್ಲಿ, ಅಥವಾ ಒಂದೂವರೆ ರೊಟ್ಟಿಗೆ ಸ್ವಲ್ಪ ಮೊಸರು. ಶೇಂಗಾ ಚಟ್ನಿಗೆ ಎಣ್ಣೆ ಬೇಡ. ಮೊದಲ ರೈಡ್‌ಗಿಂತ ಎರಡು ತಾಸು ಮುಂಚೆ ಇದು ಮುಗಿದಿರಬೇಕು.

ಮಾತ್ರೆಯ ವಿಷಯದಲ್ಲಿ ಎಲ್ಲರೂ ಎಡವುವುದು ವೇಳೆಯಲ್ಲಿ. ಪಾರ್ಕಿನ ಗೇಟಿನಲ್ಲಿ ನಿಂತು ಕೊಟ್ಟರೆ ಪ್ರಯೋಜನವಿಲ್ಲ. ಅವೊಮಿನ್ ಒಂದೆರಡು ತಾಸು ಮುಂಚೆ ಹೊಟ್ಟೆ ಸೇರಿರಬೇಕು, ಅದೇ ಕೆಲಸಕ್ಕೆ ಕೊಡುವ ಸಿನ್ನರಿಜಿನ್ ಆದರೆ ಎರಡು ತಾಸು. ವಾಕರಿಕೆ ಶುರುವಾದ ಮೇಲೆ ಜಠರ ತನ್ನ ಕೆಲಸವನ್ನೇ ನಿಧಾನ ಮಾಡಿಬಿಡುತ್ತದೆ, ಆಗ ನುಂಗಿದ ಮಾತ್ರೆ ಮುಂದಕ್ಕೆ ಹೋಗುವುದೇ ಇಲ್ಲ, ವಾಂತಿಯ ಜೊತೆ ಹೊರಗೆ ಬರುತ್ತದೆ. ಔಷಧ ಅಂಗಡಿಯಲ್ಲಿ “ವಾಂತಿ ಗುಳಿಗಿ ಕೊಡ್ರಿ” ಅಂದರೆ ಡೊಂಪೆರಿಡಾನ್ ಅಥವಾ ಒಂಡಾನ್ಸೆಟ್ರಾನ್ ಕೈಗಿಡುತ್ತಾರೆ. ಹೊಟ್ಟೆ ಕೆಟ್ಟು ಬರುವ ವಾಂತಿಗೆ ಅವು ಒಳ್ಳೆಯವೇ, ತಿರುಗಾಟದ ವಾಂತಿಗೆ ನೆಚ್ಚಿಕೊಳ್ಳುವಂಥವಲ್ಲ. ಅವೊಮಿನ್ ಕೆಲಸ ಮಾಡುತ್ತದೆ, ಆದರೆ ಮಗು ಅರ್ಧ ದಿನ ತೂಕಡಿಸುತ್ತದೆ, ಬಾಯಿ ಒಣಗುತ್ತದೆ. ದುಡ್ಡು ಕೊಟ್ಟು ಹೋಗಿ ತೂಕಡಿಸುವುದಾದರೆ ಹೋಗುವುದೇಕೆ? ಅದಕ್ಕೆ ಮಾತ್ರೆಯನ್ನು ಬಸ್ಸಿನಲ್ಲೇ ಸಾಯುವಷ್ಟು ತ್ರಾಸಾಗುವ ಒಬ್ಬಿಬ್ಬರಿಗೆ ಮಾತ್ರ ಇಡುತ್ತೇವೆ. ಅದೂ ಪಾಲಕರು ವೈದ್ಯರನ್ನು ಕೇಳಿ, ವಯಸ್ಸಿಗೆ ತಕ್ಕ ಪ್ರಮಾಣ ಬರೆಸಿಕೊಂಡು ಬಂದರೆ. ಬಸ್ ಡ್ರೈವರ್‌ಗೆ ಈ ಮಾತ್ರೆ ಯಾವ ಕಾರಣಕ್ಕೂ ಕೊಡಬಾರದು.

ಇನ್ನು ಅಭ್ಯಾಸ. ದಿನಕ್ಕೆ 10 ನಿಮಿಷ, ಪ್ರಾರ್ಥನೆ ಮುಗಿದ ಮೇಲೆ ಅಥವಾ ಆಟದ ಪಿರಿಯಡ್‌ನಲ್ಲಿ, ಹದಿನೈದು ದಿನ.

ಮೊದಲ ಐದು ದಿನ ಕೂತು ಮಾಡುವುದು. ಕೈ ಪೂರ್ತಿ ಚಾಚಿ ಹೆಬ್ಬೆರಳು ಎತ್ತಬೇಕು. ಕಣ್ಣು ಉಗುರಿನ ಮೇಲಿರಬೇಕು, ತಲೆ ಮಾತ್ರ ಎಡ-ಬಲ ತಿರುಗಬೇಕು, ಸೆಕೆಂಡಿಗೆ ಒಂದು ಸಲದಂತೆ 30 ಸೆಕೆಂಡ್. ಉಗುರಿನ ಅಂಚು ಮಸುಕಾದರೆ ವೇಗ ಹೆಚ್ಚಾಯಿತು ಎಂದೇ ಅರ್ಥ, ಇಳಿಸಬೇಕು. ಒಂದು ನಿಮಿಷ ಬಿಟ್ಟು ಮೇಲೆ-ಕೆಳಗೆ 30 ಸೆಕೆಂಡ್. ಹೀಗೆ ಮೂರು ಸುತ್ತು. ಮಕ್ಕಳು ತಲೆಯ ಜೊತೆ ಭುಜವನ್ನೂ ತಿರುಗಿಸುತ್ತಾರೆ, ಆಗ ಅಭ್ಯಾಸ ಮಾಡಿದ್ದೂ ಒಂದೇ ಬಿಟ್ಟಿದ್ದೂ ಒಂದೇ. ಬೆನ್ನು ಗೋಡೆಗೆ ಒತ್ತಿ ಕೂರಿಸಿದರೆ ಭುಜ ನಿಲ್ಲುತ್ತದೆ. ನಂತರದ ನಾಲ್ಕು ದಿನ ಇದನ್ನೇ ಪಾದ ಜೋಡಿಸಿ ನಿಂತು.

ಹತ್ತನೆಯ ದಿನದಿಂದ ತಿರುಗು ಕುರ್ಚಿ. ಆಫೀಸಿನ ಹಳೆಯ ಕುರ್ಚಿ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಕಡೆ ಸಾವಿರ-ಹನ್ನೆರಡು ನೂರಕ್ಕೆ ಸಿಗುತ್ತದೆ. ತಂದ ತಕ್ಷಣ ಐದೂ ಗಾಲಿ ಕೀಳಬೇಕು, ಇಲ್ಲದಿದ್ದರೆ ಕುರ್ಚಿ ತಿರುಗುವ ಜೊತೆಗೆ ಸರಿಯುತ್ತದೆ. ಕಾಲುಗಳಿಗೆ ರಬ್ಬರ್ ಬೂಟ ಹಾಕಿದರೆ ನೆಲ ಹಿಡಿಯುತ್ತದೆ. ಹಳೆಯ ಕುರ್ಚಿಯ ಇನ್ನೊಂದು ಕಾಟ ನಡುವಿನ ಕಂಬದ ಬುಷ್, ಅಂದರೆ ಕಂಬವನ್ನು ಅಲುಗದಂತೆ ಹಿಡಿಯುವ ಒಳಕೊಳವೆ, ಸವೆದಿರುವುದು. ಸೀಟು ತಿರುಗುತ್ತ ಒಂದು ಕಡೆ ವಾಲುತ್ತದೆ, ಆ ವಾಲಾಟಕ್ಕೇ ಮಗುವಿಗೆ ಹೊಟ್ಟೆ ತೊಳಸುತ್ತದೆ, ಅಭ್ಯಾಸ ಗಟ್ಟಿಯಾಯಿತೋ ಕುರ್ಚಿ ಕೆಟ್ಟಿತೋ ತಿಳಿಯುವುದಿಲ್ಲ. ಸೀಟಿನ ಮಧ್ಯೆ ಸ್ಟೀಲ್ ಲೋಟದಲ್ಲಿ ಮುಕ್ಕಾಲು ನೀರಿಟ್ಟು ನಿಧಾನ ತಿರುಗಿಸಿ ನೋಡಬೇಕು. ನೀರು ಒಂದೇ ಅಂಚಿಗೆ ಮೇಲೇರುತ್ತಿದ್ದರೆ ಬುಷ್ ಬದಲಿಸಬೇಕು. ವೆಲ್ಡಿಂಗ್ ಅಂಗಡಿಯವರು ನೂರು-ನೂರೈವತ್ತಕ್ಕೆ ಮಾಡಿಕೊಡುತ್ತಾರೆ.

ವೇಗ 10 ಸೆಕೆಂಡಿಗೆ ಒಂದು ಸುತ್ತು. ಗಡಿಯಾರ ಎದುರಿಗಿರಲಿ. ಐದು ಸುತ್ತು ಬಲಕ್ಕೆ, ನಿಲ್ಲಿಸಿ. ನಿಲ್ಲಿಸಿದ ಮೇಲೂ ಉಲ್ಟಾ ತಿರುಗಿದಂತೆ ಅನ್ನಿಸುವುದು ಸ್ವಲ್ಪ ಹೊತ್ತು ಇರುತ್ತದೆ, ಅದು ಪೂರ್ತಿ ಇಳಿಯುವ ತನಕ ಎಡಕ್ಕೆ ತಿರುಗಿಸಬಾರದು. ಕುರ್ಚಿಯ ಮೊದಲ ದಿನ ಕಣ್ಣು ಬಿಟ್ಟು, ಎರಡನೆಯ ದಿನ ಮುಚ್ಚಿ. ಮೂರನೆಯ ದಿನದಿಂದ ಮುಖ್ಯ ಕೆಲಸ: ಕುರ್ಚಿ ತಿರುಗುತ್ತಿರುವಾಗಲೇ ತಲೆಯನ್ನು ನಿಧಾನವಾಗಿ ಬಲ ಭುಜದ ಕಡೆ ಬಾಗಿಸಿ ಮತ್ತೆ ನೆಟ್ಟಗೆ ತರುವುದು. ತಿರುಗುವಾಗ ತಲೆ ಬಾಗಿದರೇ ಒಳಗಿವಿಗೆ ಗಲಿಬಿಲಿ ಹೆಚ್ಚು. ಬ್ರೇಕ್ ಡ್ಯಾನ್ಸ್‌ನಂಥ ಸುತ್ತುವ ರೈಡ್‌ಗಳಲ್ಲಿ ಮಕ್ಕಳು ಕೆಡುವುದು ಇದಕ್ಕೇ. ಆರಂಭಕ್ಕೆ ಒಂದು ಸುತ್ತಿಗೆ ಒಂದೇ ಬಾಗು, ಕೊನೆಗೆ ಮೂರು. ಕೊನೆಯ ಮೂರು ದಿನ ಉಸಿರನ್ನು ಈ ಬಾಗಿಗೆ ಹೊಂದಿಸುವ ಒಂದು ಕ್ರಮ ಇದೆ. ಅದನ್ನು ಬರೆದು ತಿಳಿಸಲು ಆಗುವುದಿಲ್ಲ, ಎದುರು ಬಂದವರಿಗೆ ತೋರಿಸಿಕೊಡುತ್ತೇನೆ.

ನಿಲ್ಲಿಸುವ ನಿಯಮ ಇಡೀ ಪದ್ಧತಿಯ ಜೀವ. ಸೊನ್ನೆಯಿಂದ ಹತ್ತರವರೆಗೆ ಮಗುವೇ ಅಂಕ ಹೇಳಬೇಕು. ಹತ್ತು ಅಂದರೆ ವಾಂತಿ. ಮೂರು ಅಂದ ಕೂಡಲೇ ಕುರ್ಚಿ ನಿಲ್ಲಬೇಕು. ಧೈರ್ಯ ತೋರಿಸಲು ಸುಳ್ಳು ಹೇಳುವ ಹುಡುಗರಿದ್ದಾರೆ, ಅದಕ್ಕೆ ಮುಖ ನೋಡುತ್ತಿರಬೇಕು. ಆಕಳಿಕೆ, ಬಾಯಲ್ಲಿ ನೀರು ಬಂದು ಮೇಲಿಂದ ಮೇಲೆ ನುಂಗುವುದು, ತುಟಿ ಸುತ್ತ ಬಿಳಿಚುವುದು, ಮೇಲ್ದುಟಿಯ ಮೇಲೆ ತಣ್ಣನೆ ಬೆವರು, ಮಾತಾಡುತ್ತಿದ್ದವನು ಸುಮ್ಮನಾಗುವುದು, ಸುಮಾರು ಈ ಕ್ರಮದಲ್ಲೇ ಬರುತ್ತವೆ. ವಾಂತಿ ತನಕ ಓಡಿಸಿದ ಮಗು ಮರುದಿನ ಕುರ್ಚಿ ನೋಡಿಯೇ ಬಿಳಿಚುತ್ತದೆ, ವಾರದ ಶ್ರಮ ಹೋಗುತ್ತದೆ. 6ರಿಂದ 12 ವರ್ಷದವರಿಗೆ ತ್ರಾಸು ಹೆಚ್ಚು, ಅರೆತಲೆನೋವು ಬರುವವರಿಗೆ ಇನ್ನೂ ಹೆಚ್ಚು. ಅವರಿಗೆ ಅರ್ಧ ವೇಗ ಸಾಕು. ಕಿವಿ ಸೋರುವ ಮಕ್ಕಳು, ಕತ್ತು ನೋವಿದ್ದವರು, ಮೂರ್ಛೆ ಕಾಯಿಲೆ ಅಥವಾ ಹೃದಯದ ತೊಂದರೆ ಇದ್ದವರು ಕುರ್ಚಿಗೂ ಬೇಡ, ರೈಡ್‌ಗೂ ಬೇಡ.

ಜೋಕಾಲಿಯ ಪ್ರಯೋಗ ಬೇರೆಯೇ ಸ್ವಾರಸ್ಯದ್ದು. ಮನುಷ್ಯನಿಗೆ ಅತಿ ಹೆಚ್ಚು ವಾಕರಿಕೆ ತರುವುದು ಐದು ಸೆಕೆಂಡಿಗೊಮ್ಮೆ ಹೋಗಿ ಬರುವಂಥ ನಿಧಾನದ ತೂಗಾಟ. ಕೊಲಂಬಸ್ ಎನ್ನುವ ಹಡಗಿನಾಕಾರದ ರೈಡ್ ಹೆಚ್ಚುಕಡಿಮೆ ಅದೇ ಲಯದಲ್ಲಿ ತೂಗುತ್ತದೆ, ಅದಕ್ಕೇ ನೋಡಲು ಸಾದಾ ಆದರೂ ಅದರಲ್ಲಿ ಕೆಡುವವರು ಬಹಳ. ಪಡಸಾಲೆಯ ತೂಗುಮಂಚದ ಸರಪಳಿ 2 ಮೀಟರ್ ಇದ್ದರೆ ಮೂರು ಸೆಕೆಂಡಿಗೇ ಹೋಗಿ ಬರುತ್ತದೆ, ಅದರ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಾರದು. ಪಂಚಮಿಗೆ ಬೇವಿನ ಮರಕ್ಕೆ ಕಟ್ಟುವ ದೊಡ್ಡ ಜೋಕಾಲಿ ಬೇಕು. ಕೊಂಬೆಯಿಂದ ಹಲಗೆಗೆ 6 ಮೀಟರ್ ಹಗ್ಗ ಬಿಟ್ಟರೆ ಸರಿಯಾಗಿ ಐದು ಸೆಕೆಂಡ್. ನೈಲಾನ್ ಹಗ್ಗ ಹಿಗ್ಗುತ್ತದೆ, ಎರಡು ದಿನಕ್ಕೆ ಹಲಗೆ ಕೆಳಗಿಳಿದು ಕಾಲು ನೆಲಕ್ಕೆ ತಾಗುತ್ತದೆ. ದಪ್ಪ ಮಿಣಿಯೇ ವಾಸಿ, ಕೊಂಬೆಗೆ ಉಜ್ಜುವ ಕಡೆ ಗೋಣಿತಟ್ಟು ಸುತ್ತಬೇಕು. ಜೀಕುವುದು ಬೇಡ, ಕೂತವರನ್ನು ಮೆಲ್ಲಗೆ ತೂಗಬೇಕು. ಮೂರು ನಿಮಿಷ ದೂರದ ಗಿಡ ನೋಡುತ್ತ, ಎರಡು ನಿಮಿಷ ಕಣ್ಣು ಮುಚ್ಚಿ. ಮರ ಇಲ್ಲದ ಶಾಲೆಯವರು ಕುರ್ಚಿಯೊಂದರಲ್ಲೇ ಮುಗಿಸಬಹುದು, ಕೊಲಂಬಸ್ ಒಂದನ್ನು ಬಿಟ್ಟು ಉಳಿದದ್ದಕ್ಕೆ ಸಾಲುತ್ತದೆ. ಟೂರ್ ಮಾರ್ಚ್ ಆಚೆಗಿದ್ದರೆ ಕಲಬುರಗಿಯ ಶರಣಬಸವೇಶ್ವರ ಜಾತ್ರೆಯ ತಿರುಗುವ ತೊಟ್ಟಿಲು, ಕೊಲಂಬಸ್‌ಗಳೇ ಒಳ್ಳೆಯ ಪರೀಕ್ಷೆ. ಹೋಳಿಯಾದ ಐದನೆಯ ದಿನ ರಥೋತ್ಸವ, ಗದ್ದಲ ಅದರ ಸುತ್ತಲೇ. ಅದು ಇಳಿದ ಮೇಲೆ ಸಂಜೆ ಹೋದರೆ ಸಾಲು ಕಡಿಮೆ, ಬಿಸಿಲೂ ಇಲ್ಲ.

ಪಕ್ಕದ ಪ್ರಯೋಗಗಳಲ್ಲಿ ಒಣಶುಂಠಿ ಸ್ವಲ್ಪ ಮಟ್ಟಿಗೆ ನಿಂತಿತು. ಬೀದರ ಕಡೆಯ ಶುಂಠಿ ಘಾಟು, ಪುಡಿ ಅರ್ಧ ಚಹಾ ಚಮಚದಷ್ಟು, ಅಂದರೆ ಸುಮಾರು 1 ಗ್ರಾಂ, ಬೆಲ್ಲದಲ್ಲಿ ಉಂಡೆ ಮಾಡಿ ಹೊರಡುವ ಅರ್ಧ ತಾಸು ಮುಂಚೆ. ಸಣ್ಣ ತ್ರಾಸಿಗೆ ಸಾಕು, ದೊಡ್ಡ ರೈಡ್‌ಗೆ ಸಾಲದು. ಅಂಗಡಿಯ ಶುಂಠಿ ಪೆಪ್ಪರ್‌ಮಿಂಟ್‌ನಲ್ಲಿ ಸಕ್ಕರೆಯೇ ಎಲ್ಲ. ಮಣಿಕಟ್ಟು ಒತ್ತುವ ಪಟ್ಟಿ ಆನ್‌ಲೈನ್‌ನಲ್ಲಿ ಮುನ್ನೂರು-ನಾಲ್ಕು ನೂರು. ದರ್ಜಿಯ ಹತ್ತಿರ ಇಲಾಸ್ಟಿಕ್‌ಗೆ ಕೋಟಿನ ಗುಂಡಿ ಹೊಲಿಸಿದರೆ ಹದಿನೈದು ರೂಪಾಯಿ. ಎರಡರ ಫಲವೂ ಒಂದೇ, ನಂಬಿದವರಿಗೆ ಸ್ವಲ್ಪ ಸಮಾಧಾನ.

ಬಸ್ಸನ್ನು ಬಿಟ್ಟು ರೈಡ್ ಮಾತ್ರ ನೋಡಿಕೊಂಡರೆ ಕೆಲಸ ಕೆಟ್ಟಿತು. ಕಲಬುರಗಿಯಿಂದ ಹೈದರಾಬಾದ್ ಸುಮಾರು 220 ಕಿ.ಮೀ., ಮೇಲೆ ಊರು ಸುತ್ತುವ ಹೊರವರ್ತುಲ ರಸ್ತೆ ಹಿಡಿದು ಪಾರ್ಕು ಇರುವ ರಾವಿರಾಲಕ್ಕೆ ಹೋಗಬೇಕು. ಅಷ್ಟು ತೂಗಾಡಿದ ಮಗು ಗೇಟಿನಲ್ಲಿ ಇಳಿಯುವಾಗಲೇ ಮೂರು-ನಾಲ್ಕರ ಅಂಕದಲ್ಲಿ ಇರುತ್ತದೆ. ತಾಂಡೂರು, ವಿಕಾರಾಬಾದ್ ಮೇಲಿನ ದಾರಿಯಲ್ಲಿ ಅನಂತಗಿರಿ ಗುಡ್ಡದ ತಿರುವುಗಳಿವೆ. ಹುಮನಾಬಾದ್, ಜಹೀರಾಬಾದ್ ಹೆದ್ದಾರಿ ನೆಟ್ಟಗೆ, ಅದನ್ನೇ ಹಿಡಿಯಬೇಕು. ತ್ರಾಸಿನ ಮಕ್ಕಳು ಮುಂದಿನ-ಹಿಂದಿನ ಗಾಲಿಗಳ ನಡುವಿನ ಸೀಟಿನಲ್ಲಿ, ಕಿಟಕಿ ಪಕ್ಕ. ಹಿಂದಿನ ಗಾಲಿಯ ಆಚೆಯ ಸೀಟುಗಳು ದೊಡ್ಡ ಹುಡುಗರಿಗೆ. ಮೊಬೈಲ್ ಮಾಸ್ತರರ ಚೀಲದಲ್ಲಿ. ಡ್ರೈವರಣ್ಣನಿಗೆ ಘಾಟು ಅತ್ತರು, ಊದುಬತ್ತಿ ಬೇಡವೆಂದು ಹಿಂದಿನ ದಿನವೇ ಹೇಳಬೇಕು. ಒಂದೂವರೆ ತಾಸಿಗೊಮ್ಮೆ ಇಳಿಸಿ ಹತ್ತು ನಿಮಿಷ ನಡೆಸಬೇಕು. ಹಾಡು ಹಾಕಿದರೆ ಒಳ್ಳೆಯದು, ಯಾವ ಹಾಡು ಎಂಬುದರಲ್ಲೂ ಲೆಕ್ಕ ಇದೆ, ಆ ಪಟ್ಟಿ ನನ್ನ ಹತ್ತಿರವೇ ಇರಲಿ.

ಪಾರ್ಕಿನಲ್ಲಿ ಮೊದಲ ಅರ್ಧ ತಾಸು ಬರೀ ನಡಿಗೆ. ಆಮೇಲೆ ನೆಟ್ಟಗೆ ಏರಿಳಿಯುವ, ಬೇಗ ಮುಗಿಯುವ ರೈಡ್‌ಗಳು. ಹಳಿಯ ಮೇಲೆ ತಲೆಕೆಳಗಾಗಿಯೂ ಹಿಂದಕ್ಕೂ ಓಡುವ ರೀಕಾಯಿಲ್‌ನಂಥ ಕೋಸ್ಟರ್‌ಗೆ ಹೆದರುವವರು ಬಹಳ. ಆದರೆ ಒಂದೆರಡು ನಿಮಿಷದಲ್ಲಿ ಮುಗಿಯುವ ಅದಕ್ಕಿಂತ ನಿಧಾನ ಸುತ್ತುವ ರೈಡ್ ಹೆಚ್ಚು ಕೆಡಿಸುತ್ತದೆ. ಕೋಸ್ಟರ್‌ನಲ್ಲಿ ಹಿಂದಲೆ ಆನಿಕೆಗೆ ಒತ್ತಿ, ಕಣ್ಣು ಮುಂದಿನ ಹಳಿಯ ಮೇಲೆ. ಅದೇ ಗಾಡಿ ಹಿಂದಕ್ಕೆ ಓಡುವಾಗ ಹೊರಳಿ ನೋಡುವ ಚಟ ಬೇಡ. ದೂರ ಸರಿಯುತ್ತಿರುವುದರ ಮೇಲೇ ಕಣ್ಣಿರಲಿ. ಕೊಲಂಬಸ್‌ನಲ್ಲಿ ನಡುವಿನ ಸಾಲು, ತುದಿಯಲ್ಲಿ ಏರಿಳಿತ ಬಹಳ. ಸುತ್ತುವ ರೈಡ್‌ನಲ್ಲಿ ಹೊರಗಿನದನ್ನು ನೋಡದೆ ತನ್ನ ಕೈ ಹಿಡಿದ ಸರಳನ್ನೇ ನೋಡುವುದು, ಗದ್ದ ಮಟ್ಟಸ. ಉಸಿರು ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ. ಎರಡು ಸುತ್ತುವ ರೈಡ್‌ಗಳ ನಡುವೆ ಅರ್ಧ ತಾಸು ಬಿಡಲೇಬೇಕು. ಕುರ್ಚಿ ಅಲುಗುವ ಸಿನಿಮಾ ಆ ಬಿಡುವಿಗೆ ಸಲ್ಲದು. ಅದರಲ್ಲಿ ತ್ರಾಸಾದರೆ ಕಣ್ಣು ಮುಚ್ಚಿದರೆ ಅರ್ಧ ಇಳಿಯುತ್ತದೆ. ಊಟ ಆದ ಮೇಲೆ ಒಂದೂವರೆ ತಾಸು ಸುತ್ತುವುದು ಏನೂ ಬೇಡ.

ಇಳಿದು ಬಂದವರು ತಲೆ ಮೊಣಕಾಲಿಗೆ ಹಾಕಿ ಕೂರಬಾರದು, ಬಾಗಿದಷ್ಟೂ ಹೆಚ್ಚುತ್ತದೆ. ಕಟಾಂಜನ ಹಿಡಿದು ನಿಂತು ಒಂದು ನಿಮಿಷ ದೂರದ ಗಿಡ ನೋಡಬೇಕು. ಆದರೂ ಇಳಿಯದಿದ್ದರೆ ಅಂಗಾತ ಮಲಗಿ ತಲೆ ಅಲುಗಿಸದೆ ಕಣ್ಣು ಮುಚ್ಚಬೇಕು, ಕತ್ತಿಗೆ ತಣ್ಣೀರ ಬಟ್ಟೆ. ವಾಂತಿ ಆದವರಿಗೆ ಓಆರ್‌ಎಸ್, ಒಂದು ಲೀಟರ್ ನೀರಿಗೆ ಒಂದು ದೊಡ್ಡ ಪಾಕೀಟು, ಐದು ನಿಮಿಷಕ್ಕೆ ಎರಡು ಗುಟುಕು. ಗಟಗಟ ಕುಡಿಸಿದರೆ ಅದೂ ಹೊರಗೆ ಬರುತ್ತದೆ. ಮರುದಿನವೂ ತಲೆ ತಿರುಗುತ್ತಿದ್ದರೆ ರೈಡ್‌ನದ್ದೇ ಎಂದು ಬಿಡಬಾರದು, ವೈದ್ಯರಿಗೆ ತೋರಿಸಬೇಕು.

ಅಭ್ಯಾಸ ಮುಗಿದು ಒಂದೆರಡು ದಿನದಲ್ಲೇ ಹೊರಡಬೇಕು. ತಡವಾದಷ್ಟೂ ಫಲ ಇಳಿಯುತ್ತದೆ, ಎರಡು ತಿಂಗಳಾದರೆ ಮತ್ತೆ ಅಭ್ಯಾಸ ಬೇಕು. ಒಮ್ಮೆ ಪೂರ್ತಿ ಮಾಡಿದ ಮಗುವಿಗೆ ಮುಂದಿನ ಸಲ ಒಂದು ವಾರ ಸಾಕು, ಅದರಲ್ಲೂ ನೇರ ಕುರ್ಚಿಯಿಂದಲೇ ಶುರು ಮಾಡಬಹುದು.