ಹೃದಯಾಘಾತವಾದ ಮೇಲೆ ಎಲ್‌ಡಿಎಲ್ ಇಳಿಸುವುದು ಹೇಗೆ?

ಆಸ್ಪತ್ರೆಯಿಂದ ಮನೆಗೆ ಬಂದು ತಿಂಗಳಾದ ಮೇಲೆ ಮಾಡಿಸಿದ ಲಿಪಿಡ್ ಪ್ರೊಫೈಲ್‌ನಲ್ಲಿ (ರಕ್ತದ ಕೊಬ್ಬಿನ ಪರೀಕ್ಷೆ) ಎಲ್‌ಡಿಎಲ್, ಅಂದರೆ ‘ಕೆಟ್ಟ’ ಕೊಲೆಸ್ಟ್ರಾಲ್, 92 ಎಂದು ಬಂದಿದೆ ಎಂದುಕೊಳ್ಳಿ. ಪಕ್ಕದಲ್ಲಿ ‘100ಕ್ಕಿಂತ ಕಡಿಮೆ: ಉತ್ತಮ’ ಎಂದು ಲ್ಯಾಬಿನವರು ಅಚ್ಚು ಹಾಕಿರುತ್ತಾರೆ. ಮನೆಯವರಿಗೆಲ್ಲ ಸಮಾಧಾನ. ಎಡವುವುದು ಇಲ್ಲೇ. ಆ ಗೆರೆ ಸಾಮಾನ್ಯ ಜನರಿಗೆ ಎಳೆದದ್ದು. ಒಮ್ಮೆ ಹೃದಯಾಘಾತವಾದವರಲ್ಲಿ ಎಲ್‌ಡಿಎಲ್ 55ರ ಕೆಳಗಿರಬೇಕು, ಮೊದಲಿದ್ದುದರ ಅರ್ಧಕ್ಕಾದರೂ ಇಳಿದಿರಬೇಕು ಎಂದು ಯುರೋಪಿನ ತಜ್ಞರ 2019ರ ಮಾರ್ಗಸೂಚಿ ಹೇಳುತ್ತದೆ. ಕಾರ್ಡಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲೂ ಗುರಿ 55ರ ಕೆಳಗೇ. ಹಾಗಾಗಿ ರಿಪೋರ್ಟಿನ ಮೇಲೆ 55 ಎಂದು ನೀವೇ ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ.

ಮೊದಲು: ಹಳೆಯ ಅಂಕಿ ಹುಡುಕಿ

ಎಷ್ಟು ಇಳಿದಿದೆ ಎಂದು ತಿಳಿಯಲು ಎಷ್ಟಿತ್ತು ಎಂಬುದು ಗೊತ್ತಿರಬೇಕು. ಡಿಸ್ಚಾರ್ಜ್ ಸಮರಿಯಲ್ಲಿ ಎಲ್‌ಡಿಎಲ್ ಅಂಕಿಯ ಜೊತೆ ರಕ್ತ ತೆಗೆದ ದಿನಾಂಕವನ್ನೂ ನೋಡಿ. ಆಘಾತವಾಗಿ 24 ಗಂಟೆ ದಾಟಿದ ಮೇಲೆ ಎಲ್‌ಡಿಎಲ್ ತಾನಾಗಿ ಸ್ವಲ್ಪ ಕುಸಿಯುತ್ತದೆ. ಮೂರನೇ ದಿನ ತೆಗೆದ ರಕ್ತದಲ್ಲಿ 110 ಬಂದಿದ್ದರೆ ನಿಜವಾದ ಅಂಕಿ ಅದಕ್ಕಿಂತ ಹೆಚ್ಚೇ ಇತ್ತು. ಥೈರಾಯ್ಡಿನ ಟಿಎಸ್‌ಎಚ್ ಪರೀಕ್ಷೆಯನ್ನೂ ಒಮ್ಮೆ ಮಾಡಿಸಿ. ಥೈರಾಯ್ಡ್ ಕುಂದಿದ್ದರೆ ಎಲ್‌ಡಿಎಲ್ ಏರುತ್ತದೆ, ಕೊಲೆಸ್ಟ್ರಾಲ್ ಮಾತ್ರೆಯಿಂದ ಮಾಂಸಖಂಡ ನೋಯುವ ಸಂಭವವೂ ಹೆಚ್ಚುತ್ತದೆ.

ಭಾರ ಹೊರುವುದು ಮಾತ್ರೆ

ಕೊಲೆಸ್ಟ್ರಾಲ್ ಇಳಿಸುವ ಮುಖ್ಯ ಮಾತ್ರೆ ಸ್ಟ್ಯಾಟಿನ್. ಪೂರ್ಣ ಪ್ರಮಾಣದ ಸ್ಟ್ಯಾಟಿನ್ ಎಂದರೆ ಅಟೊರ್ವಾಸ್ಟ್ಯಾಟಿನ್ 40ರಿಂದ 80 ಮಿ.ಗ್ರಾಂ. ಅಥವಾ ರೋಸುವಾಸ್ಟ್ಯಾಟಿನ್ 20ರಿಂದ 40. ಇದು ಎಲ್‌ಡಿಎಲ್ ಅನ್ನು ಸುಮಾರು ಅರ್ಧಕ್ಕಿಳಿಸುತ್ತದೆ. ಅಲ್ಲಿಂದ ಮುಂದೆ ಪ್ರಮಾಣವನ್ನು ದುಪ್ಪಟ್ಟು ಮಾಡಿದರೂ ಸಿಗುವ ಹೆಚ್ಚುವರಿ ಇಳಿಕೆ ಶೇ 6ರಷ್ಟೇ. ಅದಕ್ಕೇ ಗುರಿ ತಲುಪದಿದ್ದಾಗ ವೈದ್ಯರು ಎಜೆಟಿಮೈಬ್ 10 ಮಿ.ಗ್ರಾಂ. ಸೇರಿಸುತ್ತಾರೆ. ಸ್ಟ್ಯಾಟಿನ್ ಕೆಲಸ ಮಾಡುವುದು ಯಕೃತ್ತಿನಲ್ಲಿ, ಎಜೆಟಿಮೈಬ್ ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರದಂತೆ ತಡೆಯುತ್ತದೆ. ಇದರಿಂದ ಇನ್ನೊಂದು ಶೇ 20ರಷ್ಟು ಇಳಿಯುತ್ತದೆ.

ಲೆಕ್ಕ ಹಾಕಿ ನೋಡಿ. ಮೊದಲು 140 ಇತ್ತು. ಸ್ಟ್ಯಾಟಿನ್‌ನಿಂದ 70ಕ್ಕೆ ಬಂತು. ಎಜೆಟಿಮೈಬ್ ಅದರಲ್ಲಿ ಐದನೇ ಒಂದು ಭಾಗ ತೆಗೆದರೆ 56. ಊಟದ ಶಿಸ್ತು ಇನ್ನು ಶೇ 10 ಇಳಿಸಿದರೆ 50. ಊಟದಿಂದಲೇ 140ನ್ನು 55ಕ್ಕೆ ತರುತ್ತೇನೆ ಎಂದು ಹೊರಟವರಿಗೆ ಈ ಲೆಕ್ಕ ಕೂಡುವುದಿಲ್ಲ. ಮಾತ್ರೆ ಇದೆಯಲ್ಲ ಎಂದು ಬೇಕಾದ್ದು ತಿನ್ನುವವರಿಗೂ ಕೊನೆಯ ಐದಾರು ಅಂಕ ಸಿಗುವುದಿಲ್ಲ.

ಈ ಎರಡು ಸ್ಟ್ಯಾಟಿನ್‌ಗಳನ್ನು ಬೆಳಿಗ್ಗೆಯಾದರೂ ರಾತ್ರಿಯಾದರೂ ತೆಗೆದುಕೊಳ್ಳಬಹುದು, ಮರೆಯದ ಹೊತ್ತೇ ಸರಿಯಾದ ಹೊತ್ತು. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಅಂಕಿ ಹಳೆಯ ಜಾಗಕ್ಕೆ ಮರಳುತ್ತದೆ. ‘ಕೊಲೆಸ್ಟ್ರಾಲ್ ನಾರ್ಮಲ್ ಆಯ್ತು, ಇನ್ಯಾಕೆ ಮಾತ್ರೆ’ ಎಂಬ ಪ್ರಶ್ನೆಗೆ ಉತ್ತರ ಇದೇ: ನಾರ್ಮಲ್ ಆಗಿರುವುದು ಮಾತ್ರೆಯಿಂದ.

ಹೆಚ್ಚು ಜನ ಗಮನಿಸದ ಒಂದು ಅಪಾಯವಿದೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಸ್ಟ್ಯಾಟಿನ್ ಮೂರನ್ನೂ ಸೇರಿಸಿದ ಒಂದೇ ಕ್ಯಾಪ್ಸೂಲನ್ನು ಬಹಳ ಮಂದಿಗೆ ಬರೆದುಕೊಡುತ್ತಾರೆ. ಹಲ್ಲು ಕೀಳಿಸಲು ‘ರಕ್ತ ತೆಳು ಮಾಡುವ ಮಾತ್ರೆ’ ನಿಲ್ಲಿಸಿ ಎಂದು ಯಾರೋ ಹೇಳಿದರೆ, ಅಥವಾ ವರ್ಷವಾದ ಮೇಲೆ ಕ್ಲೊಪಿಡೊಗ್ರೆಲ್ ಸಾಕು ಎಂದರೆ, ಅದರ ಜೊತೆ ಸ್ಟ್ಯಾಟಿನ್ ಕೂಡ ಸದ್ದಿಲ್ಲದೆ ನಿಂತುಹೋಗುತ್ತದೆ. ಇಂಥ ಕ್ಯಾಪ್ಸೂಲಿನಲ್ಲಿ ರೋಸುವಾಸ್ಟ್ಯಾಟಿನ್ 10 ಮಿ.ಗ್ರಾಂ. ಮಾತ್ರ ಇರುವುದೂ ಉಂಟು. ಸ್ಟ್ರಿಪ್ಪಿನ ಹಿಂಬದಿ ಓದಿ. ಸ್ಟೆಂಟ್ ಹಾಕಿಸಿಕೊಂಡವರು ಹೃದಯದ ವೈದ್ಯರನ್ನು ಕೇಳದೆ ಮೂರರಲ್ಲಿ ಯಾವುದನ್ನೂ ಬಿಡಬಾರದು.

ಮೈಕೈ ನೋವು ಬಂದರೆ

ಸ್ಟ್ಯಾಟಿನ್‌ನಿಂದ ಬರುವ ನೋವು ಸಾಮಾನ್ಯವಾಗಿ ಎರಡೂ ತೊಡೆ, ಎರಡೂ ಭುಜಗಳಲ್ಲಿ, ಮಾತ್ರೆ ಶುರು ಮಾಡಿದ ಅಥವಾ ಹೆಚ್ಚಿಸಿದ ಕೆಲವು ವಾರಗಳಲ್ಲಿ ಕಾಣಿಸುತ್ತದೆ. ಒಂದೇ ಮೊಣಕಾಲು ನೋಯುತ್ತಿದ್ದರೆ ಮಾತ್ರೆಯನ್ನು ದೂರುವುದರಲ್ಲಿ ಅರ್ಥವಿಲ್ಲ. ಅಡ್ಡಪರಿಣಾಮದಿಂದ ಸ್ಟ್ಯಾಟಿನ್ ಬಿಟ್ಟಿದ್ದ 60 ಮಂದಿಗೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಔಷಧವೇ ಇಲ್ಲದ ಹುಸಿ ಮಾತ್ರೆ ಕೊಟ್ಟು ನೋಡಿದ ಸ್ಯಾಮ್ಸನ್ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ತೊಂದರೆಯ ಶೇ 90ರಷ್ಟು ಹುಸಿ ಮಾತ್ರೆಯಲ್ಲೂ ಕಾಣಿಸಿತ್ತು. ಹಾಗೆಂದು ನೋವು ಸುಳ್ಳಲ್ಲ. ವೈದ್ಯರು ಮಾಂಸಖಂಡಕ್ಕೆ ಪೆಟ್ಟಾಗಿದೆಯೇ ಎಂದು ತೋರಿಸುವ ಸಿಕೆ ಪರೀಕ್ಷೆ ಮಾಡಿಸಿ, ಬೇಕಾದರೆ ಸ್ವಲ್ಪ ದಿನ ಬಿಡಿಸಿ, ಬೇರೆ ಸ್ಟ್ಯಾಟಿನ್ ಅಥವಾ ಕಡಿಮೆ ಪ್ರಮಾಣದಿಂದ ಮತ್ತೆ ಶುರು ಮಾಡುತ್ತಾರೆ. ಹೆಚ್ಚಿನವರಿಗೆ ಯಾವುದಾದರೊಂದು ಒಗ್ಗುತ್ತದೆ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅಥವಾ ಏಳಲಾಗದಷ್ಟು ನಿಶ್ಶಕ್ತಿಯಾದರೆ ಮಾತ್ರ ಅಂದೇ ಆಸ್ಪತ್ರೆಗೆ ಹೋಗಬೇಕು.

ಮಲೆನಾಡಿನವರಿಗೆ ಇನ್ನೊಂದು ಮಾತು. ಡಿಸೆಂಬರಿನಿಂದ ಮೇ ತನಕ ಕಾಡಂಚಿನ ಊರುಗಳಲ್ಲಿ ಜೋರು ಜ್ವರ, ತಲೆನೋವಿನೊಂದಿಗೆ ಮೈ ಮುರಿಯುವ ನೋವು ಬಂದರೆ ಸ್ಟ್ಯಾಟಿನ್ ಎಂದು ಸುಮ್ಮನಿರಬೇಡಿ, ಮಂಗನ ಕಾಯಿಲೆ ಇರಬಹುದು. ಅದರಲ್ಲಿ ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುತ್ತಿರುವುದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಮಳೆಗಾಲದ ಗಜಕರ್ಣಕ್ಕೆ ಕೊಡುವ ಇಟ್ರಕೊನಜೋಲ್, ಕೆಮ್ಮಿಗೆ ಕೊಡುವ ಕ್ಲಾರಿತ್ರೊಮೈಸಿನ್ ಎರಡೂ ಅಟೊರ್ವಾಸ್ಟ್ಯಾಟಿನ್ ದೇಹದಿಂದ ಹೊರಹೋಗದಂತೆ ಹಿಡಿದಿಡುತ್ತವೆ. ಚರ್ಮದ ವೈದ್ಯರಿಗೂ ಹೃದಯದ ಚೀಟಿ ತೋರಿಸಿ. ಗ್ರೇಪ್‌ಫ್ರೂಟ್ ಹಣ್ಣೂ ಹೀಗೆಯೇ ಔಷಧವನ್ನು ಹಿಡಿದಿಡುತ್ತದೆ, ಹಿತ್ತಲ ಚಕ್ಕೋತ ಅದರ ಹತ್ತಿರದ ನೆಂಟ. ಅಟೊರ್ವಾಸ್ಟ್ಯಾಟಿನ್ ಅಥವಾ ಟಿಕಾಗ್ರೆಲಾರ್ (ಕ್ಲೊಪಿಡೊಗ್ರೆಲ್ ಬದಲು ಕೊಡುವ ಮಾತ್ರೆ) ತೆಗೆದುಕೊಳ್ಳುವವರು ಅದನ್ನು ಬಿಡುವುದು ಒಳ್ಳೆಯದು. ರೋಸುವಾಸ್ಟ್ಯಾಟಿನ್‌ಗೆ ಈ ತೊಡಕಿಲ್ಲ.

ತಟ್ಟೆಯಲ್ಲಿ ತೆಂಗಿನಕಾಯಿಯ ಲೆಕ್ಕ

ಮೊಟ್ಟೆಯ ಹಳದಿಯ ಬಗ್ಗೆ ಆಗುವಷ್ಟು ಚರ್ಚೆ ಕಾಯಿತುರಿಯ ಬಗ್ಗೆ ಆಗುವುದಿಲ್ಲ. ಎಲ್‌ಡಿಎಲ್ ಏರಿಸುವುದರಲ್ಲಿ ಆಹಾರದ ಕೊಲೆಸ್ಟ್ರಾಲಿಗಿಂತ ಸ್ಯಾಚುರೇಟೆಡ್ ಕೊಬ್ಬಿನದ್ದೇ (ತುಪ್ಪ, ತೆಂಗಿನೆಣ್ಣೆಯಂತೆ ತಣ್ಣಗಾದರೆ ಗಟ್ಟಿಯಾಗುವ ಕೊಬ್ಬು) ದೊಡ್ಡ ಪಾಲು. ದಿನಕ್ಕೆ 1800 ಕ್ಯಾಲೊರಿ ಉಣ್ಣುವವರಿಗೆ ಅದು 12 ಗ್ರಾಂ ಮೀರಬಾರದು. ಈಗ ನೋಡಿ: 100 ಗ್ರಾಂ ಹಸಿ ಕಾಯಿತುರಿಯಲ್ಲಿ ಸುಮಾರು 30 ಗ್ರಾಂ ಇರುತ್ತದೆ. ಅಂದರೆ 40 ಗ್ರಾಂ ತುರಿಗೇ ದಿನದ ಪಾಲು ಮುಗಿಯಿತು. ಒಂದು ಟೀ ಚಮಚ ತುಪ್ಪಕ್ಕೆ 3 ಗ್ರಾಂ, ಒಂದು ದೊಡ್ಡ ಚಮಚ ತೆಂಗಿನೆಣ್ಣೆಗೆ 11-12 ಗ್ರಾಂ, ಒಂದು ಲೋಟ ಕೆನೆ ತೆಗೆಯದ ಹಸುವಿನ ಹಾಲಿಗೆ 4ರಿಂದ 5 ಗ್ರಾಂ. ನೀರುದೋಸೆಗೆ ಚಟ್ನಿ, ಮಧ್ಯಾಹ್ನ ಹುಳಿ, ಪಲ್ಯದ ಮೇಲೆ ಒಂದು ಮುಷ್ಟಿ ತುರಿ, ರಾತ್ರಿ ತಂಬುಳಿ. ಎಲ್ಲದರಲ್ಲೂ ಕಾಯಿಯೇ.

ತೆಂಗು ಪೂರ್ತಿ ಬಿಡಿ ಎಂದರೆ ಮಲೆನಾಡಿನ ಮನೆಯಲ್ಲಿ ಎರಡು ದಿನವೂ ನಡೆಯುವುದಿಲ್ಲ. ಕಾಯಿಯನ್ನು ದಿನದ ಒಂದೇ ಅಡುಗೆಗೆ ಇಡಿ, ಒಬ್ಬರ ಪಾಲಿಗೆ ಒಂದು ದೊಡ್ಡ ಚಮಚ ತುರಿ ಸಾಕು. ಚಟ್ನಿಗೆ ಅರ್ಧ ಭಾಗ ಹುರಿಗಡಲೆ ಹಾಕಿ. ಒಂದೆಲಗದ ತಂಬುಳಿಗೆ ಕಾಯಿ ಬಿಟ್ಟು ಕೆನೆ ತೆಗೆದ ಮಜ್ಜಿಗೆ ಹೆಚ್ಚಿಸಿದರೆ ರುಚಿ ಕೆಡುವುದಿಲ್ಲ. ಹುಳಿ ಮಂದವಾಗಲು ಬೆಂದ ಬೇಳೆಯನ್ನೇ ಸ್ವಲ್ಪ ಅರೆದು ಹಾಕಬಹುದು. ಒಗ್ಗರಣೆಗೆ ತೆಂಗಿನೆಣ್ಣೆಯ ಬದಲು ಶೇಂಗಾ, ಸೂರ್ಯಕಾಂತಿ ಅಥವಾ ತವಡಿನ ಎಣ್ಣೆ ಬಳಸಿ, ಎಲ್ಲ ಸೇರಿ ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್.

ಕಡುಬಿಗೆ ಕೋಳಿ ಸಾರಾದರೆ ಚರ್ಮ ತೆಗೆಸಿ, ಮೇಲೆ ತೇಲುವ ಎಣ್ಣೆ ಬಸಿಯಿರಿ. ಹಂದಿಯ ನೆಣ ಬೇಡ. ಘಟ್ಟ ಹತ್ತಿ ಬರುವ ಬಂಗುಡೆ, ಬೂತಾಯಿ ವಾರಕ್ಕೆರಡು ಸಲ ಇರಲಿ, ಸಾರು ಮಾಡಿದರೆ, ಹುರಿದರಲ್ಲ. ಹುರುಳಿ, ಹೆಸರು, ಅಲಸಂದೆ ಕಾಳುಗಳಲ್ಲಿ ಯಾವುದಾದರೊಂದು ದಿನಕ್ಕೊಂದು ಬಟ್ಟಲು. ಕಾಫಿಪುಡಿಯನ್ನು ನೀರಿನಲ್ಲಿ ಕುದಿಸಿ ಹಾಗೇ ಬಗ್ಗಿಸಿದರೆ ಎಲ್‌ಡಿಎಲ್ ಏರಿಸುವ ಎಣ್ಣೆಯಂಶ ಲೋಟಕ್ಕೆ ಬರುತ್ತದೆ. ಒತ್ತಾದ ಬಟ್ಟೆಯಲ್ಲೋ ಕಾಗದದಲ್ಲೋ ಸೋಸಿದರೆ ಬಹುಪಾಲು ಅಲ್ಲೇ ಉಳಿಯುತ್ತದೆ. ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ ಹೆಚ್ಚಿದ್ದರೆ ಕೈ ಹಿಡಿಯಬೇಕಾದದ್ದು ಅನ್ನ, ಸಿಹಿ ಮತ್ತು ಮದ್ಯದ ಮೇಲೆ. ಕವಳದ ಹೊಗೆಸೊಪ್ಪು ಬಿಡಬೇಕು, ಇದರಲ್ಲಿ ಚೌಕಾಸಿಯಿಲ್ಲ.

ಅಂಗಡಿಯ ಡಬ್ಬಿಗಳು

ಕೊಳ್ಳುವುದಾದರೆ ಇಸಬ್ಗೋಲ್ ಒಂದನ್ನು ಕೊಳ್ಳಿ. ದಿನಕ್ಕೆ ಸುಮಾರು 10 ಗ್ರಾಂ, ಎರಡು ಸಲಕ್ಕೆ ಹಂಚಿ, ಪ್ರತಿಸಲ ಲೋಟ ತುಂಬ ನೀರಿಗೆ ಕಲಸಿ ತಕ್ಷಣ ಕುಡಿಯಬೇಕು. ತಡವಾದರೆ ಗಂಟಲಲ್ಲೇ ಉಬ್ಬುತ್ತದೆ. ಎಲ್‌ಡಿಎಲ್ ಶೇ 5ರಿಂದ 7ರಷ್ಟು ಇಳಿಯುತ್ತದೆ. ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ.

ಉಳಿದವು ಹಣಕ್ಕೆ ದಂಡ. ಮೀನೆಣ್ಣೆ, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಶಿನ, ಸಸ್ಯ ಸ್ಟೆರಾಲ್, ಕೆಂಪು ಯೀಸ್ಟ್ ಅಕ್ಕಿ ಈ ಆರನ್ನೂ ರೋಸುವಾಸ್ಟ್ಯಾಟಿನ್ 5 ಮಿ.ಗ್ರಾಂ. ಎದುರು ಇಟ್ಟು ನೋಡಿದ ಸ್ಪೋರ್ಟ್ ಎಂಬ ಅಧ್ಯಯನ 2022ರಲ್ಲಿ ಬಂತು. 28 ದಿನದಲ್ಲಿ ಆ ಪುಟ್ಟ ಮಾತ್ರೆ ಎಲ್‌ಡಿಎಲ್ ಅನ್ನು ಶೇ 38ರಷ್ಟು ಇಳಿಸಿತು, ಆರರಲ್ಲಿ ಒಂದೂ ಹುಸಿ ಮಾತ್ರೆಗಿಂತ ಮೇಲೆನಿಸಲಿಲ್ಲ. ಕೆಂಪು ಯೀಸ್ಟ್ ಅಕ್ಕಿಯಲ್ಲಿರುವುದು ಲೊವಾಸ್ಟ್ಯಾಟಿನ್‌ನಂಥದ್ದೇ ವಸ್ತು, ಆದ್ದರಿಂದ ಸ್ಟ್ಯಾಟಿನ್ ಜೊತೆ ಸೇರಿಸಿದರೆ ಅಪಾಯ. ಗಾಢ ಅರಿಶಿನದ ಕ್ಯಾಪ್ಸೂಲುಗಳಿಂದ ಯಕೃತ್ತಿಗೆ ಪೆಟ್ಟಾದ ವರದಿಗಳಿವೆ. ಸಾರಿಗೆ ಹಾಕುವ ಅರಿಶಿನಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ಮತ್ತೆ ಪರೀಕ್ಷೆ, ಮುಂದಿನ ಮೆಟ್ಟಿಲು

ಮಾತ್ರೆ ಶುರು ಮಾಡಿದ ಅಥವಾ ಬದಲಿಸಿದ 4ರಿಂದ 6 ವಾರಕ್ಕೆ ಲಿಪಿಡ್ ಪ್ರೊಫೈಲ್ ಮಾಡಿಸಿ. ಟ್ರೈಗ್ಲಿಸರೈಡ್ 400 ಮೀರದಿದ್ದರೆ ಉಪವಾಸ ಬೇಕಿಲ್ಲ. ಅಂಕಿ ಇಳಿಯದಿದ್ದರೆ ಮೊದಲು ಖಾಲಿ ಸ್ಟ್ರಿಪ್ ಎಣಿಸಿ, ಆಮೇಲೆ ಔಷಧವನ್ನು ದೂರಿ. ಆಗುಂಬೆ, ಹೊಸನಗರದ ಕಡೆ ಮಳೆಗೆ ರಸ್ತೆ ಕಟ್ಟಿಕೊಳ್ಳುವ ಊರಿನವರು ಜೂನ್‌ಗೆ ಮೊದಲೇ ಹದಿನೈದು ದಿನದ ಮಾತ್ರೆ ಹೆಚ್ಚಿಗೆ ತಂದಿಡಬೇಕು, ತೇವ ತಾಗದಂತೆ ಸ್ಟ್ರಿಪ್ಪಿನಲ್ಲೇ ಇಡಬೇಕು.

ಎರಡು ಮಾತ್ರೆಗೂ 55 ಬರದಿದ್ದರೆ ಬೆಂಪೆಡೊಯಿಕ್ ಆಸಿಡ್ ಮಾತ್ರೆ ಅಥವಾ ಚುಚ್ಚುಮದ್ದು ಇದೆ. ಬೆಂಪೆಡೊಯಿಕ್ ಆಸಿಡ್ ಯೂರಿಕ್ ಆಮ್ಲ ಏರಿಸಬಲ್ಲದು, ಗೌಟ್ (ಯೂರಿಕ್ ಆಮ್ಲದಿಂದ ಕೀಲು ಊದಿ ನೋಯುವ ಕಾಯಿಲೆ) ಇರುವವರು ಮೊದಲೇ ಹೇಳಿ. ಎವೊಲೊಕ್ಯುಮಾಬ್ ಎರಡು ವಾರಕ್ಕೊಮ್ಮೆ ಮನೆಯಲ್ಲೇ ಚುಚ್ಚಿಕೊಳ್ಳುವಂಥದ್ದು, ಎಲ್‌ಡಿಎಲ್ ಸುಮಾರು ಶೇ 60 ಇಳಿಯುತ್ತದೆ, ಬೆಲೆ ದುಬಾರಿ. ಅದನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಕರೆಂಟ್ ಹೋದರೆ ಗಾಬರಿ ಬೇಡ: 25 ಡಿಗ್ರಿ ಮೀರದ ಜಾಗದಲ್ಲಿ ಪೆಟ್ಟಿಗೆಯಲ್ಲೇ ಇದ್ದರೆ ಒಂದು ತಿಂಗಳು ತಡೆಯುತ್ತದೆ, ಹೆಪ್ಪುಗಟ್ಟಿದರೆ ಎಸೆಯಬೇಕು. ಇನ್‌ಕ್ಲಿಸಿರಾನ್‌ಗೆ ಫ್ರಿಜ್ಜೇ ಬೇಡ. ಮೊದಲ ಡೋಸ್, ಮೂರು ತಿಂಗಳಿಗೆ ಎರಡನೆಯದು, ನಂತರ ಆರು ತಿಂಗಳಿಗೊಂದು. ಆಸ್ಪತ್ರೆಗೆ ದೂರವಿರುವವರು ವೈದ್ಯರ ಬಳಿ ಇದರ ಬಗ್ಗೆ ವಿಚಾರಿಸಬಹುದು.

ಮನೆಯ ಉಳಿದವರದ್ದೂ ಒಂದು ಕೆಲಸವಿದೆ. ಆಘಾತವಾದಾಗ ಗಂಡಸಿಗೆ 55, ಹೆಂಗಸಿಗೆ 65 ವರ್ಷ ಆಗಿರದಿದ್ದರೆ, ಅಥವಾ ಮಾತ್ರೆಗೆ ಮೊದಲಿನ ಎಲ್‌ಡಿಎಲ್ 190 ದಾಟಿದ್ದರೆ, ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಎಲ್ಲರೂ ಲಿಪಿಡ್ ಪ್ರೊಫೈಲ್ ಮಾಡಿಸಬೇಕು, ಜೊತೆಗೆ ಜೀವನದಲ್ಲೊಮ್ಮೆ ಲೈಪೊಪ್ರೋಟೀನ್ ಎ (ಎಲ್‌ಡಿಎಲ್‌ನಂತೆ ಕೊಲೆಸ್ಟ್ರಾಲ್ ಹೊರುವ ಇನ್ನೊಂದು ಕಣ) ಪರೀಕ್ಷೆ. ಅದು ಹುಟ್ಟಿನಿಂದ ಬರುವಂಥದ್ದು, ಸ್ಟ್ಯಾಟಿನ್‌ಗೂ ಪಥ್ಯಕ್ಕೂ ಇಳಿಯುವುದಿಲ್ಲ. ಹೆಚ್ಚಿದ್ದವರು ಎಲ್‌ಡಿಎಲ್, ಬಿಪಿ, ಸಕ್ಕರೆಗಳನ್ನು ಇನ್ನಷ್ಟು ಬೇಗ ಹಿಡಿತಕ್ಕೆ ತರಬೇಕು.