ಮೇಕೆ ಸಾಕಲು ಓದಿದ ಪುಸ್ತಕಗಳು, ಬರೆದಿಟ್ಟುಕೊಂಡ ಪದಗಳು

ಪಾವಗಡ ತಾಲ್ಲೂಕಿನಲ್ಲಿರುವ ಮಾವನವರ ಜಮೀನಿಗೆ ಬಂದು ನೆಲೆಸಿದಾಗ ಮೇಕೆಗಳ ಬಗ್ಗೆ ನನಗಿದ್ದ ತಿಳಿವಳಿಕೆಯೆಲ್ಲ ಪುಸ್ತಕದ್ದೇ ಆಗಿತ್ತು. ಉಡುಪಿ ಕಡೆಯ ತುಳು ಮನೆಯಲ್ಲಿ ಹುಟ್ಟಿದ ನಾನು ಮೇಕೆಯನ್ನು ‘ಏಡ್’ ಎಂದು ಕರೆಯುತ್ತ ಬೆಳೆದವನು. ಆದರೆ ಒಂದನ್ನಾದರೂ ಸಾಕಿದವನಲ್ಲ. 12 ಮೇಕೆ ಮತ್ತು ಒಂದು ಹೋತವನ್ನು ಕೊಳ್ಳುವ ಮೊದಲು ಮೇಕೆ ಸಾಕಣೆಯ ಮೂರು ಇಂಗ್ಲಿಷ್ ಪುಸ್ತಕಗಳನ್ನೂ ಒಂದು ಕನ್ನಡ ಕೈಪಿಡಿಯನ್ನೂ ಗೆರೆ ಎಳೆದು ಓದಿದ್ದೆ. ಗಬ್ಬದ ಅವಧಿ ಸುಮಾರು 150 ದಿನ, ಬೆದೆ ಮರಳುವುದು ಸುಮಾರು 21 ದಿನಕ್ಕೊಮ್ಮೆ, ಹುಟ್ಟಿದ ಮರಿಗೆ ಮೊದಲ ಗಂಟೆಯೊಳಗೇ ಗಿಣ್ಣುಹಾಲು ಸಿಗಬೇಕು ಎಂಬುದೆಲ್ಲ ನನಗೆ ಬಾಯಿಪಾಠವಾಗಿತ್ತು.

ಮೊದಲ ಚಳಿಗಾಲದಲ್ಲಿಯೇ ತಪ್ಪು ಮಾಡಿದೆ. ನಾನು ಹೆಚ್ಚು ನಂಬಿದ್ದ ಪುಸ್ತಕ ಹಿಮ ಬೀಳುವ ದೇಶದವರಿಗಾಗಿ ಬರೆದದ್ದು. ಅದರಲ್ಲಿ ಕೊಟ್ಟಿಗೆಯನ್ನು ಬೆಚ್ಚಗಿಡುವ ವಿಷಯಕ್ಕೇ ಒಂದು ಅಧ್ಯಾಯ ಮೀಸಲಾಗಿತ್ತು. ಮಾರ್ಗಶಿರದ ಗಾಳಿ ಬೀಸತೊಡಗಿದಾಗ ನಾನು ರೊಪ್ಪದ ನಾಲ್ಕೂ ಬದಿಗೆ ಟಾರ್ಪಾಲು ಬಿಗಿದು ಕಟ್ಟಿದೆ. ವಾರ ಕಳೆಯುವಷ್ಟರಲ್ಲಿ ಮರಿಗಳಿಗೆ ಕೆಮ್ಮು ಹತ್ತಿತು. ಬೆಳಗ್ಗೆ ಟಾರ್ಪಾಲು ಎತ್ತಿದರೆ ಗಂಜಲದ ಘಾಟು ಕಣ್ಣಿಗೆ ಬಡಿಯುತ್ತಿತ್ತು. ಒಳಗೆ ತುಂಬಿಕೊಂಡ ಆ ಅಮೋನಿಯಾವೇ ಮರಿಗಳ ಶ್ವಾಸಕೋಶವನ್ನು ಕೆಡಿಸುತ್ತಿತ್ತು. ಮೂರು ಮರಿಗಳು ಸತ್ತವು. ಪಕ್ಕದ ಹಟ್ಟಿಯ ಹಿರಿಯರೊಬ್ಬರು, ಊರವರೆಲ್ಲ ‘ತಾತ’ ಎನ್ನುವವರು, ಬಂದು ನೋಡಿ, “ಅಳಿಮಯ್ಯಾ, ಆಡಿಗೆ ಚಳಿನೂ ಒಗ್ಗಾಕಿಲ್ಲ, ಒದ್ದೆನೂ ಒಗ್ಗಾಕಿಲ್ಲ. ಕೆಳಗೆ ಒಣಗಿರಬೇಕು, ಮೇಲೆ ಗಾಳಿ ಆಡಬೇಕು” ಎಂದರು. ಟಾರ್ಪಾಲನ್ನು ಮರಿಗಳು ಮಲಗುವ ಎತ್ತರದವರೆಗೆ ಮಾತ್ರ, ಗಾಳಿ ಬರುವ ಬದಿಗೆ ಮಾತ್ರ ಉಳಿಸಿದೆ. ನೆಲಕ್ಕೆ ಸುಣ್ಣ ಎರಚಿ, ಒಣ ಕಡಲೆಹೊಟ್ಟು ಹರಡಿದೆ. ಕೆಮ್ಮು ನಿಂತಿತು. ಮನೆಗೆ ಬಂದು ಅದೇ ಅಧ್ಯಾಯವನ್ನು ಮತ್ತೆ ತೆರೆದಾಗ, ಗಾಳಿಯಾಡುವಿಕೆ ಎಲ್ಲಕ್ಕಿಂತ ಮುಖ್ಯ ಎಂಬ ಮಾತು ಅಲ್ಲಿಯೂ ಇತ್ತು. ಬೆಚ್ಚಗಿಡುವ ಮಾತಿಗೆ ಮಾತ್ರ ನಾನು ಗೆರೆ ಎಳೆದಿದ್ದೆ.

ಅಂದಿನಿಂದ ಓದುವ ಕ್ರಮವನ್ನು ಬದಲಿಸಿಕೊಂಡೆ. ಪುಸ್ತಕದಲ್ಲಿ ಏನನ್ನೇ ಓದಿದರೂ ಅದನ್ನು ಇಲ್ಲಿಯ ಜನ ಯಾವ ಮಾತಿನಲ್ಲಿ ಹೇಳುತ್ತಾರೆ ಎಂದು ಕೇಳಿ ಬರೆದಿಟ್ಟುಕೊಳ್ಳದೆ ಮುಂದಿನ ಪುಟಕ್ಕೆ ಹೋಗಬಾರದು ಎಂಬುದು ನಾನು ಹಾಕಿಕೊಂಡ ಕಟ್ಟುಪಾಡು. ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಎಳೆದೆ: ಇಂಗ್ಲಿಷ್ ಮಾತು, ಕನ್ನಡ, ತೆಲುಗು. ತೆಲುಗು ಏಕೆಂದರೆ ಪಾವಗಡ ಮೂರು ದಿಕ್ಕಿಗೂ ಆಂಧ್ರ ಸುತ್ತುವರಿದಿರುವ ತಾಲ್ಲೂಕು. ತಾತನೂ ಸೇರಿದಂತೆ ಇಲ್ಲಿಯ ಬಹಳ ಜನ ಕಾಯಿಲೆ ಕಸಾಲೆಯ ವಿಷಯ ಬಂದರೆ ತೆಲುಗಿಗೇ ತಿರುಗುತ್ತಾರೆ.

ತೆಲುಗು ಓದಲು ಕಲಿತದ್ದು ಎರಡು ವಾರದ ಕೆಲಸವಾಯಿತು. ಎರಡೂ ಲಿಪಿಗಳ ಮೂಲ ಒಂದೇ. ಕನ್ನಡ ಓದುವವನಿಗೆ ತೆಲುಗಿನ ತಲಕಟ್ಟು ಕಣ್ಣಿಗೆ ಹೊಂದಿಕೊಂಡರೆ ಸಾಕು, ಅರ್ಧಕ್ಕಿಂತ ಹೆಚ್ಚು ಅಕ್ಷರಗಳು ತಾವಾಗಿಯೇ ಪರಿಚಯವಾಗುತ್ತವೆ. ಮಾತು ಕಲಿಯುವುದಕ್ಕೆ ಎರಡು ವರ್ಷ ಹಿಡಿಯಿತು, ಅದನ್ನು ಕಲಿಸಿದ್ದು ಮೇಕೆಗಳೇ. ನಮ್ಮ ಮೇಕೆ ಅವರಿಗೆ ‘ಮೇಕ’, ನಮ್ಮ ಮಂದೆ ಅವರಿಗೆ ‘ಮಂದ’, ನಮ್ಮ ಹೋತ ಅವರಿಗೆ ‘ಪೋತು’. ನಾವು ಮೇಕೆ ಈದಿತು ಎಂದರೆ ಅವರು ‘ಈನಿಂದಿ’ ಎನ್ನುತ್ತಾರೆ. ಕಿಟೆಲ್ ಅವರ 1894ರ ನಿಘಂಟಿನ ಮರುಮುದ್ರಣವೊಂದು ನನ್ನ ಬಳಿ ಇದೆ. ರಾತ್ರಿ ಮೇಕೆಗಳು ಮೆಲುಕು ಹಾಕುವ ಹೊತ್ತಿನಲ್ಲಿ ಅದರ ಪುಟ ತಿರುವುತ್ತ, ದಿನವಿಡೀ ಕೇಳಿದ ಮಾತುಗಳು ಅಚ್ಚಿನಲ್ಲಿ ಕಂಡಾಗ ಆದ ಸಂತೋಷ ದೊಡ್ಡದು. ಬರೋ ಮತ್ತು ಎಮೆನೊ ಅವರ 1961ರ ದ್ರಾವಿಡ ಪದಮೂಲ ನಿಘಂಟನ್ನು ಗ್ರಂಥಾಲಯದಲ್ಲಿ ಕುಳಿತು ನೋಡಿದಾಗ ಕನ್ನಡದ ಆಡು, ತಮಿಳಿನ ಆಡು, ನನ್ನ ತಾಯಿಯ ಬಾಯಲ್ಲಿದ್ದ ಏಡ್ ಎಲ್ಲವೂ ಒಂದೇ ಕಡೆ ನಿಂತಿದ್ದವು.

ಪದ ಗೊತ್ತಿದ್ದುದರಿಂದ ಜೀವ ಉಳಿದ ಒಂದು ಪ್ರಸಂಗವನ್ನು ವಿವರವಾಗಿಯೇ ಹೇಳಬೇಕು. ಮೇಕೆಯ ನಾಲ್ಕನೆಯ ಹೊಟ್ಟೆಯಲ್ಲಿ ಕುಳಿತು ರಕ್ತ ಹೀರುವ ಹೀಮಾಂಕಸ್ ಎಂಬ ಜಂತುವಿನ ಬಗ್ಗೆ ಮೂರೂ ಪುಸ್ತಕಗಳು ದೀರ್ಘವಾಗಿ ಬರೆದಿವೆ. ಹಿಕ್ಕೆಯಲ್ಲಿ ಬಿದ್ದ ಅದರ ಮೊಟ್ಟೆ ಮಳೆಗಾಲದ ತೇವದಲ್ಲಿ ಮರಿಯಾಗಿ, ಇಬ್ಬನಿ ಹಿಡಿದ ಹುಲ್ಲಿನ ಬುಡದಿಂದ ಮೇಲೇರುತ್ತದೆ. ಗದ್ದದ ಕೆಳಗೆ ನೀರು ತುಂಬಿಕೊಳ್ಳುವ ಲಕ್ಷಣವನ್ನು ಇಂಗ್ಲಿಷಿನಲ್ಲಿ ಬಾಟಲ್ ಜಾ ಎನ್ನುತ್ತಾರೆ. ಓದಿದಾಗ ಅದರ ಚಿತ್ರ ನನ್ನ ಮನಸ್ಸಿಗೆ ಮೂಡಿರಲಿಲ್ಲ. ಶ್ರಾವಣದ ಒಂದು ಸಂಜೆ ತಾತ ನಮ್ಮ ಮಂದೆಯನ್ನು ನೋಡುತ್ತ ನಿಂತವರು, “ಆ ಕರೀದಕ್ಕೆ ಗದ್ದ ಇಳಿದೈತೆ ನೋಡು” ಎಂದರು. ಹತ್ತಿರ ಹೋಗಿ ಮುಟ್ಟಿದರೆ ಗದ್ದದಡಿ ನೆನೆದ ಬಟ್ಟೆಯಂತೆ ಮೆತ್ತಗಿತ್ತು. ಹೆಬ್ಬೆರಳಿನಿಂದ ಕೆಳಗಿನ ರೆಪ್ಪೆಯನ್ನು ಇಳಿಸಿ ಒಳಮೈ ನೋಡಿದೆ: ಕೆಂಪು ಇರಬೇಕಾದ ಕಡೆ ಹಳೆಯ ಕಾಗದದ ಬಣ್ಣ. ದಕ್ಷಿಣ ಆಫ್ರಿಕಾದಲ್ಲಿ ಕುರಿಗಳಿಗಾಗಿ ರೂಪಿಸಿದ ಫಮಾಚಾ ಎಂಬ ಪಟ್ಟಿಯಲ್ಲಿ ರೆಪ್ಪೆಯ ಬಣ್ಣಕ್ಕೆ 5 ದರ್ಜೆಗಳಿವೆ. 1 ಮತ್ತು 2 ಇದ್ದರೆ ಔಷಧಿ ಬೇಡ, 4 ಮತ್ತು 5 ಇದ್ದರೆ ತಡ ಮಾಡಬಾರದು. ಈ ಮೇಕೆ 5ರಲ್ಲಿತ್ತು. ಪಶುವೈದ್ಯರಿಗೆ ಫೋನಿನಲ್ಲಿ “ಗದ್ದ ಇಳಿದಿದೆ, ರೆಪ್ಪೆ ಬಿಳಚಿದೆ” ಎಂದು ಎರಡು ಮಾತು ಹೇಳಿದ್ದೇ ಅವರು ತೂಕ ಕೇಳಿ ಔಷಧಿ ಮತ್ತು ಪ್ರಮಾಣವನ್ನು ತಿಳಿಸಿದರು. ಕರಿ ಮೇಕೆ ಉಳಿಯಿತು. ಮರುವರ್ಷ ಅವಳಿ ಹಾಕಿತು.

ಮಂದೆಗೆಲ್ಲ ಒಟ್ಟಿಗೆ ಜಂತಿನ ಔಷಧಿ ಕುಡಿಸುವುದನ್ನು ಅಂದಿನಿಂದ ಬಿಟ್ಟಿದ್ದೇನೆ. ಎಲ್ಲಕ್ಕೂ ಪದೇ ಪದೇ ಕುಡಿಸಿದರೆ ಔಷಧಿಗೆ ಬಗ್ಗದ ಜಂತುಗಳೇ ಉಳಿದು ಬೆಳೆಯುತ್ತವೆ ಎಂದು ಪುಸ್ತಕಗಳು ಎಚ್ಚರಿಸಿದ್ದನ್ನು ನಾನು ನಂಬುತ್ತೇನೆ. ಮಳೆಗಾಲದಲ್ಲಿ 15 ದಿನಕ್ಕೊಮ್ಮೆ ಒಂದೊಂದರ ರೆಪ್ಪೆ ನೋಡಿ, ಬೇಕಾದುದಕ್ಕೆ ಮಾತ್ರ ಕೊಡುತ್ತೇನೆ. ಇಬ್ಬನಿ ಆರುವವರೆಗೆ ಮಂದೆಯನ್ನು ಬಿಡುವುದಿಲ್ಲ. ಬಿಟ್ಟ ಮೇಲೆಯೂ ನೆಲದ ಹುಲ್ಲಿಗಿಂತ ಜಾಲಿ, ಎಲಚಿ, ಹೊಂಗೆಯ ಕಡೆಗೇ ಹೊಡೆಯುತ್ತೇನೆ. ಮೇಕೆ ಸ್ವಭಾವದಿಂದಲೇ ಕೊರಳೆತ್ತಿ ಸೊಪ್ಪು ತಿನ್ನುವ ಪ್ರಾಣಿ. ಅದರ ಬಾಯಿ ನೆಲದಿಂದ ಮೇಲಿದ್ದಷ್ಟೂ ಜಂತು ದೂರ.

ಕೊಳ್ಳುವ ವಿದ್ಯೆಯೂ ಪದಗಳಲ್ಲೇ ಅಡಗಿತ್ತು. ಪುಸ್ತಕದಲ್ಲಿ ಹಲ್ಲಿನಿಂದ ವಯಸ್ಸು ತಿಳಿಯುವ ಕೋಷ್ಟಕವಿದೆ. ಸಂತೆಯಲ್ಲಿ ಅದನ್ನು ತೆರೆದು ನೋಡುತ್ತ ನಿಲ್ಲಲಾಗುವುದಿಲ್ಲ. ಶಿರಾ ಸಂತೆಯಲ್ಲಿ ಜನ ಹಾಲುಹಲ್ಲು, ಎರಡಲ್ಲು, ನಾಲ್ಕಲ್ಲು, ಆರಲ್ಲು, ಬಾಯಿಗೂಡು ಎಂದು ಐದು ಮಾತಿನಲ್ಲಿ ಆ ಕೋಷ್ಟಕವನ್ನೇ ಮುಗಿಸುತ್ತಾರೆ. ಎರಡಲ್ಲು ಎಂದರೆ ಒಂದು, ಒಂದೂವರೆ ವರ್ಷ. ಬಾಯಿಗೂಡಿದೆ ಎಂದರೆ ಎಂಟು ಹಲ್ಲೂ ಬಂದಿವೆ, ನಾಲ್ಕು ವರ್ಷದ ಆಸುಪಾಸು. ಹೊಸದಾಗಿ ಸಾಕುವವರು ಎರಡಲ್ಲಿನ, ಗಬ್ಬವಾಗಿರುವ ಅಥವಾ ಮೊದಲ ಸೂಲು ಮುಗಿಸಿದ ಮೇಕೆಗಳನ್ನೇ ಹುಡುಕಬೇಕೆಂದು ನಾನು ಹೇಳುತ್ತೇನೆ. ನಮ್ಮ ಬಯಲುಸೀಮೆಗೆ ನಂದಿದುರ್ಗ ತಳಿಯ ಬಿಳಿ ಮೇಕೆಗಳು ಚೆನ್ನಾಗಿ ಒಗ್ಗುತ್ತವೆ. ದೂರದ ಭಾರಿ ತಳಿಗಳ ಮೇಲೆ ಮೊದಲ ವರ್ಷವೇ ಹಣ ಹಾಕುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.

ಪಿಪಿಆರ್ ಎಂಬ ಆಡು-ಕುರಿಗಳ ಮಾರಕ ಅಂಟುರೋಗ ಮತ್ತು ಕರುಳುಬೇನೆಯ ಲಸಿಕೆಗಳ ವಿಷಯದಲ್ಲಿ ಮಾತ್ರ ನಾನು ಯಾರ ಅನುಭವವನ್ನೂ ಕಾಯುವುದಿಲ್ಲ, ಪಶು ಆಸ್ಪತ್ರೆಯವರು ಹೇಳಿದ ದಿನವೇ ಹಾಕಿಸುತ್ತೇನೆ.

ಈಗ ಒಂದೊಂದು ಅಧ್ಯಾಯವನ್ನು ಅದರ ಕಾಲಕ್ಕೆ ಓದುತ್ತೇನೆ: ಜಂತಿನದು ಮುಂಗಾರು ಹಿಡಿಯುವ ಮೊದಲು, ಹೆರಿಗೆಯದು ಮೊದಲ ಮೇಕೆಯ ಕೆಚ್ಚಲು ಇಳಿಯುವಾಗ. ಸಂಜೆ ರೊಪ್ಪದ ಬಾಗಿಲಲ್ಲಿ ಕುಳಿತು ತಾತನಿಗೆ ಕನ್ನಡದಲ್ಲಿ ಓದಿ ಹೇಳಿದರೆ, ಅವರು ಕೇಳಿಸಿಕೊಂಡು ಒಪ್ಪುತ್ತಾರೆ, ಇಲ್ಲವೇ ತಿದ್ದುತ್ತಾರೆ. ಎಳೆಯ ಜೋಳದ ಪೈರಿನಲ್ಲಿರುವ ವಿಷದ ಪುಟ ಓದಿದ ದಿನ ಅವರು ತಲೆಯಾಡಿಸಿ, “ಮಳೆ ತಪ್ಪಿ ಬಾಡಿದ ಪೈರು ಇನ್ನೂ ಕೆಟ್ಟದ್ದು, ಬರಕೋ” ಎಂದರು. ಮುಂದಿನ ಪುಟದಲ್ಲಿ ಅದೇ ಇತ್ತು. ಮೇವಿನ ಗಿಡಗಳ ಅಧ್ಯಾಯಕ್ಕೆ ಬಂದಾಗ ಮಾತ್ರ ಪುಸ್ತಕದಲ್ಲಿಲ್ಲದ 14 ಹೆಸರುಗಳನ್ನು ಅವರು ತೆಲುಗಿನಲ್ಲಿ ಹೇಳಿ ಬರೆಸಿದ್ದಾರೆ. ಮೂರನೆಯ ಅಂಕಣ ತುಂಬಿದೆ, ಮೊದಲೆರಡು ಖಾಲಿ ಇವೆ. ಈ ಮಳೆಗಾಲದಲ್ಲಿ ಅವರ ಜೊತೆ ಗುಡ್ಡ ಹತ್ತಿ ಒಂದೊಂದು ಗಿಡವನ್ನೂ ನೋಡಬೇಕಾಗಿದೆ.