ಟರ್ಕಿ ಹಕ್ಕಿಯ ಮೊಟ್ಟೆ ಚಿಪ್ಪು: ವಿನೆಗರ್‌ನಲ್ಲಿ ಹಾಳಾದ 20 ತುಂಡುಗಳಿಂದ ಶುರು

ಅಮೆರಿಕದ ನೈಋತ್ಯದಲ್ಲಿರುವ ಮೆಸಾ ವರ್ಡೆ ಸೀಮೆಯಲ್ಲಿ, ಪುವೆಬ್ಲೊ ಅನ್ನೋ ಮೂಲನಿವಾಸಿಗಳ 13ನೇ ಶತಮಾನದ ಒಂದು ನೆಲೆ. ತಿಪ್ಪೆಯ ಮಣ್ಣನ್ನು 1/8 ಇಂಚಿನ ಜರಡಿ ಹಿಡಿದಾಗ ಟರ್ಕಿ ಮೊಟ್ಟೆ ಚಿಪ್ಪೇ ಒಂದು ಚೀಲ ಸಿಕ್ಕಿತು. "ಎಣಿಸು, ತೂಗು, ಕಟ್ಟಿಡು" ಅಂದರು ಜೊತೆಯವರು. ನನ್ನ ಪ್ರಶ್ನೆ ಬೇರೆ ಇತ್ತು. ಈ ಮೊಟ್ಟೆಗಳಲ್ಲಿ ಮರಿ ಬೆಳೆದಿತ್ತಾ, ಇಲ್ಲಾ ಹಸಿಯಾಗಿದ್ದಾಗಲೇ ಒಡೆದಿದ್ದರಾ? ಮರಿಗಳ ಎಳೆ ಮೂಳೆ ನಾಯಿ ಬಾಯಿಗೆ ಹೋಗುತ್ತದೆ, ಇಲ್ಲವೇ ಮಣ್ಣಲ್ಲಿ ಕರಗುತ್ತದೆ. ಊರಲ್ಲೇ ಮರಿ ಮಾಡಿಸಿದ್ದರು ಅನ್ನೋಕೆ ಹೆಚ್ಚಾಗಿ ಉಳಿಯೋದು ಚಿಪ್ಪೇ. ಚಿಪ್ಪಿನ ಒಳಮೈಯಲ್ಲಿ ಶಂಕುವಿನಂಥ ಸಣ್ಣ ಉಬ್ಬುಗಳಿರುತ್ತವೆ, ಅವುಗಳ ತುದಿಯಲ್ಲಿ ಮರಿ ತನ್ನ ಮೂಳೆಗೆ ಕ್ಯಾಲ್ಸಿಯಂ ಎಳೆದುಕೊಂಡ ಕುಳಿ ಹುಡುಕಬೇಕು, ಅಷ್ಟೇ.

ಮೊದಲೇ ಎಡವಿದೆ. ಮಣ್ಣಲ್ಲಿದ್ದಾಗ ಅಂಟಿದ ಸುಣ್ಣದ ಹೊರಪೊರೆ ಬಿಡಿಸಲು ತೆಳು ವಿನೆಗರ್‌ನಲ್ಲಿ ನೆನೆಸಿದೆ. 20 ತುಂಡು ಹಾಳಾದವು. 700 ವರ್ಷ ಉಳಿದದ್ದು ನನ್ನ ಕೈಯಲ್ಲಿ ಹೋಯ್ತಲ್ಲ ಅಂತ ಎರಡು ರಾತ್ರಿ ನಿದ್ದೆ ಬರಲಿಲ್ಲ. ಅನುದಾನವೂ ಸಿಗಲಿಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಗಂಟೆಗೆ 50 ಡಾಲರ್ ಹತ್ತಿರ, ತುಂಡಿಗೆ ಬಳಿಯುವ ಚಿನ್ನದ ತೆಳು ಲೇಪದ ಖರ್ಚು ಬೇರೆ. ಒಟ್ಟು 1,800 ಡಾಲರ್ ಕೈಯಿಂದಲೇ ಹೋಯಿತು.

ಆಮೇಲೆ ಬಂದ ಆಕ್ಷೇಪ ಇನ್ನೂ ಗಟ್ಟಿ. "ಅದು ಮರಿ ಮಾಡಿದ ಕುಳಿ ಅಲ್ಲ, ಮಣ್ಣಿನ ಆಮ್ಲ ತಿಂದದ್ದು." ಆಗ ಹಾಳಾದ ಆ 20 ತುಂಡು ನೆನಪಾದವು. ಅವನ್ನೂ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಆಮ್ಲ ಹೊರಮೈ, ಒಳಮೈ, ಅಂಚು ಎಲ್ಲವನ್ನೂ ತಿಂದಿತ್ತು. ಮರಿ ಹಾಗಲ್ಲ, ಒಳಗಿನ ತುದಿಗಳನ್ನಷ್ಟೇ ಮುಟ್ಟುತ್ತದೆ. ಖಚಿತವಾಗಲಿ ಅಂತ ಒಂದು ಫಾರ್ಮಿನಿಂದ ಎರಡು ಡಜನ್ ಟರ್ಕಿ ಮೊಟ್ಟೆ ತಂದು ಕಾವಿಗಿಟ್ಟೆ. 28 ದಿನದ ಲೆಕ್ಕ ಅಲ್ವಾ, ನಾಲ್ಕೈದು ದಿನಕ್ಕೊಮ್ಮೆ ಒಂದೆರಡು ತೆರೆದು ನೋಡಿದೆ. ಮೊದಲ ವಾರದ ಚಿಪ್ಪಲ್ಲಿ ಏನೂ ಇಲ್ಲ. ಕೊನೆಯ ವಾರದ್ದರಲ್ಲಿ ಕುಳಿ ಎದ್ದು ಕಾಣುತ್ತದೆ. ಕೋಳಿ ಮೊಟ್ಟೆಯಲ್ಲೂ ಸುಮ್ನೆ ನೋಡಿದೆ, ಅದೇ ಕಥೆ.

ಓದಲು ಬಂದ 60 ಚಿಲ್ಲರೆ ಹಳೆಯ ತುಂಡುಗಳಲ್ಲಿ 40ರಷ್ಟರಲ್ಲಿ ಮರಿ ಬೆಳೆದ ಗುರುತಿದೆ. ಆ ಕಾಲಕ್ಕೆ ಜಿಂಕೆ ಮೂಳೆ ಕಡಿಮೆಯಾಗಿ ಟರ್ಕಿ ಮೂಳೆ ಜಾಸ್ತಿಯಾಗೋದು, ಹಕ್ಕಿಗಳು ಮೆಕ್ಕೆಜೋಳ ತಿಂದಿದ್ದು, ಒಂದು ಗರಿ ಕಂಬಳಿಗೆ 11,000ಕ್ಕೂ ಹೆಚ್ಚು ಗರಿ ಬೇಕಾಗಿದ್ದು ಎಲ್ಲ ಮೊದಲೇ ಗೊತ್ತಿದ್ದದ್ದು. ಈಗ ಅದರ ಜೊತೆ ಊರಲ್ಲೇ ಮರಿ ಮಾಡಿಸಿದ್ದೂ ಸೇರಿತು. ನಮ್ಮ ಗುಂಪಿನಲ್ಲಿ ಇದನ್ನು ತೋರಿಸಿದ್ದು ನಾನೇ ಮೊದಲು, ಹೇಳಿಕೊಳ್ಳಲು ಖುಷಿಯಿದೆ.

ಆಮ್ಲವಿಲ್ಲದೆ ಪೊರೆ ಬಿಡಿಸುವ ದಾರಿ, ಬಾಗಿದ ತುಂಡನ್ನು ಸಮತಟ್ಟಾಗಿ ಕೂರಿಸುವ ದಾರಿ ಎರಡೂ ಸಿಕ್ಕಿವೆ. ಸದ್ಯಕ್ಕೆ ಅವು ನನ್ನಲ್ಲೇ ಇರಲಿ. ಕಪಾಟಿನಲ್ಲಿ ಕೂತಿದ್ದ ಇನ್ನೂ ಹನ್ನೊಂದು ಹಳೆಯ ಚೀಲ ಕೇಳಿ ತಂದಿದ್ದೇನೆ. ಎಲ್ಲ 1/4 ಇಂಚಿನ ಜರಡಿಯವು, ತೂತು ದೊಡ್ಡದು, ಸಣ್ಣ ಚೂರು ಆಗಲೇ ಜಾರಿಹೋಗಿರುತ್ತವೆ. ಮೊದಲ ಚೀಲದಲ್ಲಿ ಸಿಕ್ಕಿದ್ದು ಏಳೇ ತುಂಡು.